ಟೈಟೇನಿಯಂ ಹಿಡಿಯ ಕೈನುಣುಪು

ಪ್ರಶ್ನೆ: ಮಡಚುವ ಚಾಕುವಿನ ಟೈಟೇನಿಯಂ ಹಿಡಿಯನ್ನು ಯಂತ್ರದಲ್ಲಿ ಕೊರೆದ ಮೇಲೂ ಕೈಯಿಂದ ಉಜ್ಜುವುದೇಕೆ?

ಉತ್ತರ: ಇಂಥ ಹಿಡಿಗಳಿಗೆ ಹೆಚ್ಚಾಗಿ ಬಳಕೆಯಾಗುವುದು ಸುಮಾರು ಶೇ. 6ರಷ್ಟು ಅಲ್ಯೂಮಿನಿಯಂ, ಶೇ. 4ರಷ್ಟು ವನೇಡಿಯಂ ಬೆರೆತ ಟೈಟೇನಿಯಂ ಮಿಶ್ರಲೋಹ. ಕೊರೆಯುವ ಯಂತ್ರವು ಅದರ ಮೇಲೆ ಸಾಲುಗೀರುಗಳನ್ನೂ ಅಂಗೈಗೆ ಒತ್ತುವ ಚೂಪು ಅಂಚುಗಳನ್ನೂ ಉಳಿಸುತ್ತದೆ. ಈ ಲೋಹ ಶಾಖವನ್ನು ಬೇಗ ಹರಿಯಬಿಡದು, ಉಜ್ಜುವ ಸಾಧನಕ್ಕೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ವೇಗವಾಗಿ ತಿರುಗುವ ಚಕ್ರಕ್ಕೆ ಹಿಡಿದರೆ ಮೇಲ್ಮೈ ಕಾದು ಬಣ್ಣಗೆಡುವ ಸಂಭವವಿದೆ. ಕೈಕೆಲಸದಲ್ಲಾದರೋ ಒದ್ದೆ ಮಾಡಿದ ಉಪ್ಪುಕಾಗದವನ್ನು ಚಪ್ಪಟೆ ತುಂಡಿಗೆ ಸುತ್ತಿ, 220ರಿಂದ 400, 600ಕ್ಕೆ ಏರುತ್ತ (ಈ ಸಂಖ್ಯೆ ಹೆಚ್ಚಿದಷ್ಟೂ ಕಾಗದದ ಹರಳು ಸಣ್ಣದು), ಹಿಂದಿನ ಗೀರುಗಳು ಪೂರ್ತಿ ಅಳಿಯುವವರೆಗೆ ಮುಂದಿನ ಕಾಗದವನ್ನು ಮುಟ್ಟದೆ, ಕೊನೆಗೆ ಹಿಡಿಯ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯಲಾಗುತ್ತದೆ. ಇಲ್ಲಿ ತೋರುವ ತಾಳ್ಮೆಯೇ ಹಿಡಿಯ ಅಂದವನ್ನು ನಿರ್ಧರಿಸುತ್ತದೆ. ಟೈಟೇನಿಯಂನ ನಯವಾದ ಒಣಪುಡಿ ಸುಲಭವಾಗಿ ಹೊತ್ತಿಕೊಳ್ಳುವುದರಿಂದ ನೀರು ಸುರಕ್ಷತೆಗೂ ಬೇಕು. ಹಿಡಿಯಲ್ಲೇ ಸೀಳಿ ಮಾಡಿದ, ತೆರೆದ ಅಲಗಿನ ಬುಡಕ್ಕೆ ಆತು ನಿಂತು ಅದು ಮಡಚದಂತೆ ತಡೆಯುವ ಪಟ್ಟಿಯ ತುದಿಯನ್ನು ಮಾತ್ರ ಉಜ್ಜಲೇಬಾರದು. ಅಲ್ಲಿ ಕೂದಲೆಳೆಯಷ್ಟು ಸವೆದರೂ ಬೀಗ ಸಡಿಲಗೊಂಡು ಬೆರಳಿಗೆ ಅಪಾಯ. ನೀಲಿ, ನೇರಳೆ ಬಣ್ಣ ಬೇಕಾದವರು ಬಳಿಕ ಹಿಡಿಯನ್ನು ವಿದ್ಯುದ್ವಾಹಕ ದ್ರಾವಣದಲ್ಲಿಟ್ಟು ವಿದ್ಯುತ್ ಹಾಯಿಸುತ್ತಾರೆ. ಮೇಲ್ಮೈಯಲ್ಲಿ ಬೆಳೆಯುವ ತೆಳು ಆಕ್ಸೈಡ್ ಪದರದ ದಪ್ಪಕ್ಕೆ ತಕ್ಕಂತೆ ಬಣ್ಣ ಮೂಡುತ್ತದೆ.