ಮಳೆ ಹಿಡಿದರೆ ಟೆಂಟು ಬಿಚ್ಚು

ಮೂಡಿಗೆರೆ, ಕಳಸದಂಥ ಕಾಫಿ ಸೀಮೆಯಲ್ಲಿ ಟೆಂಟ್ ಸಿನಿಮಾ ಮಳೆಗಾಲ ಬಿಟ್ಟು, ಅದೂ ರಾತ್ರಿ ಮಾತ್ರ ನಡೆಯುತ್ತಿದ್ದುದೇಕೆ? ಈಗೇಕಿಲ್ಲ?

ಪರದೆಗೆ ಸ್ವಂತ ಬೆಳಕಿಲ್ಲ. ಪ್ರೊಜೆಕ್ಟರಿನಿಂದ ಬಂದದ್ದನ್ನಷ್ಟೇ ಅದು ಹಿಂದಕ್ಕೆ ಚೆಲ್ಲುತ್ತದೆ. ಚಿತ್ರದ ಕಪ್ಪು ಎಂದರೆ ಬೆಳಕು ಬೀಳದ ಜಾಗ. ಬಟ್ಟೆಯ ಸಂದಿಯಿಂದ ನುಗ್ಗುವ ಹಗಲು ಅಲ್ಲಿಯೂ ಬಿದ್ದರೆ, ಮಟಮಟ ಮಧ್ಯಾಹ್ನ ಹಚ್ಚಿದ ಟಾರ್ಚಿನಂತೆ ಚಿತ್ರ ಸಪ್ಪೆಯಾಗುತ್ತದೆ. ಆದ್ದರಿಂದ ಕತ್ತಲಾಗುವವರೆಗೆ ಕಾಯಲೇಬೇಕು. ಕನ್ನಡನಾಡಿನ ಟೆಂಟುಗಳ ಮೈಕಿನಲ್ಲಿ ಘಂಟಸಾಲರ ‘ನಮೋ ವೆಂಕಟೇಶ’ ಕೇಳಿಸಿತೆಂದರೆ ಆಟ ಶುರುವಾಗುವ ಹೊತ್ತಾಯಿತೆಂದೇ ಲೆಕ್ಕ. ನೆಲ, ಬೆಂಚು, ಕುರ್ಚಿಗೆ ಬೇರೆ ಬೇರೆ ದರ. ಇರುವುದೊಂದೇ ಪ್ರೊಜೆಕ್ಟರ್, 2000 ಅಡಿಯ ರೀಲು ಸುಮಾರು 22 ನಿಮಿಷಕ್ಕೆ ಮುಗಿದು, ಅದನ್ನು ಬದಲಿಸುವಷ್ಟು ಹೊತ್ತು ಕಡಲೆಕಾಯಿ ವ್ಯಾಪಾರ. ಹೀಗೆ ಒಂದೇ ಸಿನಿಮಾಕ್ಕೆ ಹಲವು ಇಂಟರ್‌ವಲ್!

ವರ್ಷಕ್ಕೆ 2000 ಮಿ.ಮೀ. ಮೀರಿ ಸುರಿಯುವ ಈ ಸೀಮೆಯಲ್ಲಿ ಜೂನ್ ಬಂತೆಂದರೆ ನೆಲದ ಟಿಕೆಟ್ಟಿನ ಜಾಗ ಕೆಸರು. ಮಳೆಯ ಸದ್ದಿಗೆ ಮಾತೂ ಕೇಳದು. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಕಾಫಿ ಕೊಯ್ಲಿನಲ್ಲಾದರೋ ಆಕಾಶ ಶುಭ್ರ, ತೋಟದ ಲೈನುಮನೆಗಳ ತುಂಬ ಆಳುಗಳು, ಅವರ ಕೈಯಲ್ಲಿ ಬಟವಾಡೆ.

1980ರ ದಶಕದಲ್ಲಿ ಟಿ.ವಿ., ವಿಡಿಯೊ ಕ್ಯಾಸೆಟ್ ಮನೆಮನೆಗೆ ಬರತೊಡಗಿದವು. ಮಳೆಗಂಜದ ಕಾಯಂ ಥಿಯೇಟರುಗಳೂ ಇದ್ದವು. ವರ್ಷವರ್ಷ ಟೆಂಟು ಕಟ್ಟಿ ಬಿಚ್ಚುವ ಖರ್ಚು ಗಿಟ್ಟಲಿಲ್ಲ.