ವಲಸಿಗರ ಅಂಗಡಿಗೆ ಅಂತರ್ಜಾಲದಲ್ಲೊಂದು ವಿಳಾಸ

ಟೊರಾಂಟೊದಂಥ ನಗರಗಳಲ್ಲಿ, ನಮ್ಮ ಕರಾವಳಿಯವರೂ ಸೇರಿದಂತೆ, ಅನೇಕ ವಲಸಿಗರು ಸಣ್ಣ ವ್ಯಾಪಾರ ನಡೆಸುತ್ತಾರೆ. ಭಾಷೆಯ ತೊಡಕಿದ್ದವರಿಗೆ ಗೂಗಲ್‌ನಲ್ಲಿ ಅಂಗಡಿಯ ಹೆಸರನ್ನು ಪರಿಚಯದವರು ಯಾರೋ ತಮ್ಮ ಇಮೇಲ್‌ನಿಂದಲೇ ನೋಂದಾಯಿಸಿ ಕೊಡುವುದುಂಟು. ಮುಂದೆ ಅವರು ಸಂಪರ್ಕಕ್ಕೆ ಸಿಗದಿದ್ದರೆ ಬದಲಾದ ಫೋನ್ ನಂಬರ್ ತಿದ್ದುವುದೂ ಕಷ್ಟ. ಆದುದರಿಂದ ನೆರವಾಗುವ ನಾವು ‘ಗೂಗಲ್ ಬಿಸಿನೆಸ್ ಪ್ರೊಫೈಲ್’ ಅನ್ನು ಮಾಲೀಕರ ಸ್ವಂತ ಇಮೇಲ್‌ನಲ್ಲೇ ತೆರೆದು, ‘ಮ್ಯಾನೇಜರ್’ ಆಗಿ ಮಾತ್ರ ಸೇರಿಕೊಳ್ಳಬೇಕು. ಇದಕ್ಕೆ ಶುಲ್ಕವಿಲ್ಲ.

ಮನೆಯಲ್ಲೇ ಅಡುಗೆ ಮಾಡಿ ತಲುಪಿಸುವವರು, ಗಿರಾಕಿಗಳು ಮನೆಗೆ ಬಾರದಿದ್ದರೆ, ವಿಳಾಸ ಮರೆಮಾಡಿ ಸೇವೆಯ ಪ್ರದೇಶವನ್ನಷ್ಟೇ ತೋರಿಸಬಹುದು. ಒಬ್ಬರೇ ವಾಸಿಸುವ ಮಹಿಳೆಯರಿಗೆ ಇದು ಸಣ್ಣ ಸಂಗತಿಯಲ್ಲ.

ಅಂದಹಾಗೆ, ಈ ಪ್ರೊಫೈಲ್‌ನೊಂದಿಗೆ ಸಿಗುತ್ತಿದ್ದ ಪುಕ್ಕಟೆ ಜಾಲತಾಣಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಕಾರ್ಡುಗಳಲ್ಲಿ ಆ ವಿಳಾಸ ಇನ್ನೂ ಅಚ್ಚಾಗಿದ್ದರೆ ಬದಲಿಸಲು ತಿಳಿಸಿರಿ.