ತಾನಾಗಿ ನಿಂತು ತಾನಾಗಿ ಏಳುವ ಲ್ಯಾಪ್‌ಟಾಪ್

ಕೊಡಗಿನ ಮಳೆಗಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೂ ತೇವ. ಗಾಳಿಗೆ ಮರ ಬಿದ್ದು ವಿದ್ಯುತ್ ಕಡಿಯುವುದೂ ವಾಡಿಕೆ. ಇಂಥ ದಿನಗಳಲ್ಲಿ ಮಕ್ಕಳ ಲ್ಯಾಪ್‌ಟಾಪ್ ತಾನಾಗಿ ನಿಂತು ತಾನಾಗಿ ಚಾಲೂ ಆದರೆ ಗಾಬರಿಪಡದೆ ಕಾರಣಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡಬೇಕು.

ಮೊದಲು ತಳಭಾಗವನ್ನು ಪರೀಕ್ಷಿಸಿರಿ. ಅದು ಉಬ್ಬಿದ್ದರೆ ಒಳಗಿನ ಲಿಥಿಯಂ ಬ್ಯಾಟರಿ ಊದಿರಬಹುದು. ಒತ್ತಿದರೂ ಚುಚ್ಚಿದರೂ ಬೆಂಕಿಯ ಅಪಾಯವುಂಟು. ಕೂಡಲೇ ಬಳಕೆ ನಿಲ್ಲಿಸಿ ತಂತ್ರಜ್ಞರಿಗೆ ಒಪ್ಪಿಸಿರಿ. ಉಬ್ಬಿಲ್ಲವಾದರೆ ಮುಖ್ಯ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡು ಮುಂದುವರಿಯಿರಿ.

ಚಳಿಯೆಂದು ಕಂಬಳಿಯ ಮೇಲಿಟ್ಟು ಬಳಸಿದರೆ ಗಾಳಿಯ ಕಿಂಡಿ ಮುಚ್ಚುತ್ತದೆ. ಧೂಳು ಕಟ್ಟಿದ ಫ್ಯಾನೂ ಸೇರಿದರೆ ಯಂತ್ರವು ಅತಿಯಾಗಿ ಕಾದು, ತನ್ನ ರಕ್ಷಣೆಗಾಗಿ ತಾನೇ ನಿಲ್ಲುತ್ತದೆ. ಬಿಸಿಯಿಲ್ಲವಾದರೆ ಅಡಾಪ್ಟರನ್ನು ಕಳಚಿ ಬ್ಯಾಟರಿಯಿಂದಲೇ ನಡೆಸಿರಿ. ಆಗ ಸರಿಯಿದ್ದರೆ ದೋಷವು ಅಡಾಪ್ಟರಿನಲ್ಲೋ ಗೋಡೆಯ ಪ್ಲಗ್ಗಿನಲ್ಲೋ ಇರಬಹುದು. ಅಡಾಪ್ಟರಿದ್ದಾಗ ಮಾತ್ರ ಸರಿಯಿದ್ದರೆ ಬ್ಯಾಟರಿ ಸವೆದಿರಬಹುದು.

ರಾತ್ರಿ ತಾನಾಗಿ ಏಳುವ ಯಂತ್ರವು ಬಹುಶಃ ನಿಂತಿರಲಿಲ್ಲ, ನಿದ್ರಿಸುತ್ತಿತ್ತು. ವಿಂಡೋಸಿನ ಪವರ್ ವ್ಯವಸ್ಥೆಯಲ್ಲಿ ‘ವೇಕ್ ಟೈಮರ್’ ಎಂಬುದನ್ನು ನಿಷ್ಕ್ರಿಯಗೊಳಿಸಿ, ಮಲಗುವ ಮುನ್ನ ‘ಶಟ್‌ಡೌನ್’ ಮಾಡಿರಿ.

ಇಷ್ಟಾದರೂ ಸರಿಹೋಗದಿದ್ದರೆ ತೇವದಿಂದ ಗುಂಡಿಯೋ ಮದರ್‌ಬೋರ್ಡೋ ಕೆಟ್ಟಿರಬಹುದು. ಯಾವ ಪರೀಕ್ಷೆಯಲ್ಲಿ ಏನಾಯಿತೆಂದು ಬರೆದುಕೊಂಡು ತಂತ್ರಜ್ಞರಲ್ಲಿಗೆ ಹೋದರೆ ಅವರಿಗೆ ಶ್ರಮ ಕಡಿಮೆ, ನಿಮಗೆ ಖರ್ಚು ಕಡಿಮೆ.